ಹಾಸಿಗೆಯ ಲೆಕ್ಕದಲ್ಲಿ ಒಂದು ದ್ವೀಪ: ಮಯೋರ್ಕಾದ ಕಡಲತೀರದ ಬಿಕ್ಕಟ್ಟು

ಸ್ಪೇನಿಗೆ ಸೇರಿದ ಮಯೋರ್ಕಾ ದ್ವೀಪದಲ್ಲಿ ಪ್ರವಾಸೋದ್ಯಮದ ಬಗ್ಗೆ ಯಾವ ಮಾತು ಆರಂಭವಾದರೂ ಅದು ಕೊನೆಗೆ ಒಂದು ಲೆಕ್ಕಕ್ಕೆ ಬಂದು ನಿಲ್ಲುತ್ತದೆ: ಹಾಸಿಗೆಗಳು ಎಷ್ಟು? ಪ್ರವಾಸಿಯೊಬ್ಬ ರಾತ್ರಿ ಮಲಗಲು ಸರ್ಕಾರದ ಪರವಾನಗಿ ಇರುವ ಒಂದು ಜಾಗವನ್ನು ಅಲ್ಲಿನವರು ‘ಪ್ಲಾಸಾ’ ಎನ್ನುತ್ತಾರೆ. ಇಬ್ಬರು ತಂಗುವ ಹೋಟೆಲ್ ಕೊಠಡಿಯೆಂದರೆ ಎರಡು ಪ್ಲಾಸಾ. ಬಾಡಿಗೆಗೆ ಕೊಡುವ ತೋಟದ ಮನೆಯಲ್ಲಿ ಆರು ಜನ ಮಲಗಬಹುದಾದರೆ ಆರು ಪ್ಲಾಸಾ. ಮಯೋರ್ಕಾ, ಮೆನೋರ್ಕಾ, ಇಬಿಜಾ, ಫೋರ್ಮೆಂತೆರಾಗಳನ್ನೊಳಗೊಂಡ ಬಲೆಯಾರಿಕ್ ದ್ವೀಪಸಮೂಹದ ಪ್ರಾಂತೀಯ ಸರ್ಕಾರವು 2022ರಲ್ಲಿ ಹೊಸ ಪ್ಲಾಸಾಗಳಿಗೆ ಪರವಾನಗಿ ಕೊಡುವುದನ್ನು ನಾಲ್ಕು ವರ್ಷಗಳ ಮಟ್ಟಿಗೆ ನಿಲ್ಲಿಸಿತು. ಆಗ ಮಯೋರ್ಕಾ ಒಂದಕ್ಕೇ ಇದ್ದ ಮೇಲ್ಮಿತಿ ಸುಮಾರು 4.3 ಲಕ್ಷ. ದ್ವೀಪದ ಕಾಯಂ ನಿವಾಸಿಗಳ ಸಂಖ್ಯೆಯೋ ಒಂಬತ್ತು ಲಕ್ಷಕ್ಕಿಂತ ತುಸು ಹೆಚ್ಚು. ಇಬ್ಬರು ನಿವಾಸಿಗಳಿಗೆ ಸರಿಸುಮಾರು ಒಬ್ಬ ಅತಿಥಿಯಂತೆ ಹಾಸಿಗೆ ಹಾಸಿಟ್ಟುಕೊಂಡು ಕಾಯುವ ನಾಡು ಅದು.

ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಳ್ಳದಿದ್ದರೆ 2024ರ ಬೇಸಿಗೆಯಲ್ಲಿ ಅಲ್ಲಿ ನಡೆದದ್ದು ಅರ್ಥವಾಗುವುದಿಲ್ಲ. ಆ ವರ್ಷದ ಜುಲೈ 21ರಂದು ರಾಜಧಾನಿ ಪಾಲ್ಮಾದ ಬೀದಿಗಳಲ್ಲಿ ಪೊಲೀಸರ ಅಂದಾಜಿನಂತೆಯೇ ಸುಮಾರು 20,000 ಜನ ಮೆರವಣಿಗೆ ನಡೆಸಿದರು. ‘ದಿಕ್ಕು ಬದಲಿಸೋಣ, ಪ್ರವಾಸೋದ್ಯಮಕ್ಕೆ ಮಿತಿ ಹಾಕೋಣ’ ಎಂಬುದು ಅವರ ಘೋಷಣೆಯಾಗಿತ್ತು. ಅದೇ ತಿಂಗಳು ಬಾರ್ಸಿಲೋನಾದಲ್ಲಿ ಕೆಲವು ಪ್ರತಿಭಟನಕಾರರು ಹೋಟೆಲಿನ ಮುಂದೆ ಕುಳಿತಿದ್ದ ಪ್ರವಾಸಿಗರ ಮೇಲೆ ಆಟಿಕೆ ಪಿಸ್ತೂಲಿನಿಂದ ನೀರು ಹಾರಿಸಿದ ಚಿತ್ರಗಳು ಜಗತ್ತನ್ನೆಲ್ಲ ಸುತ್ತಿದ್ದವು. ಆ ಚಿತ್ರಗಳ ಜೊತೆ ಸೇರಿ ಮಯೋರ್ಕಾದ ಮಾತು ಕೂಡ ‘ಪ್ರವಾಸಿಗರನ್ನು ಕಂಡರಾಗದ ಜನ’ ಎಂಬ ಒಂದು ಸಾಲಿಗೆ ಇಳಿದುಹೋಯಿತು. ಅದು ಅನ್ಯಾಯದ ಓದು ಎಂದು ನನಗೆ ಅನಿಸುತ್ತದೆ. ಪಾಲ್ಮಾದಲ್ಲಿ ನಡೆದವರಲ್ಲಿ ಎಷ್ಟೋ ಮಂದಿ ಪ್ರವಾಸಿಗರಿಂದಲೇ ಸಂಬಳ ಎಣಿಸುವವರು. ಬರುವವರು ಎಷ್ಟಾದರೆ ಸಾಕು ಎಂದು ಹೇಳುವ ಹಕ್ಕು ಇಲ್ಲಿ ಬದುಕುವ ತಮಗೆ ಇದೆಯೇ ಇಲ್ಲವೇ ಎಂಬುದು ಅವರ ಪ್ರಶ್ನೆಯಾಗಿತ್ತು.

ಕಡಲತೀರ ಮಯೋರ್ಕಾದಲ್ಲಿ ಯಾವಾಗಲೂ ಬೆಲೆಬಾಳುವ ಜಾಗವಾಗಿರಲಿಲ್ಲ. ಶತಮಾನಗಳ ಕಾಲ ಅದು ಭಯದ ಜಾಗವಾಗಿತ್ತು. ಉತ್ತರ ಆಫ್ರಿಕಾದ ಕಡೆಯಿಂದ ಬರುತ್ತಿದ್ದ ಕಡಲ್ಗಳ್ಳರಿಗೆ ಹೆದರಿ ಜನ ಊರುಗಳನ್ನು ಒಳನಾಡಿನಲ್ಲಿ ಕಟ್ಟಿಕೊಂಡರು. ದಡದಲ್ಲಿ ಬಂದರು ಮಾತ್ರ ಉಳಿಯಿತು. ಇಂದಿಗೂ ಭೂಪಟ ಬಿಡಿಸಿದರೆ ಪೊಯೆನ್ಸಾ ಮತ್ತು ಪೊಯೆನ್ಸಾ ಬಂದರು, ಸೊಯೆರ್ ಮತ್ತು ಸೊಯೆರ್ ಬಂದರು, ಅಂದ್ರಾಚ್ ಮತ್ತು ಅಂದ್ರಾಚ್ ಬಂದರು ಎಂದು ಒಂದೊಂದು ಊರೂ ಜೋಡಿಯಾಗಿ ಕಾಣುತ್ತದೆ. ಆಸ್ತಿ ಪಾಲಾಗುವಾಗ ಗೋಧಿ, ಬಾದಾಮಿ, ಆಲಿವ್ ಬೆಳೆಯುವ ಒಳನಾಡಿನ ಹೊಲ ಹಿರಿಯ ಮಗನಿಗೆ ಹೋಗುತ್ತಿತ್ತು, ಏನೂ ಬೆಳೆಯದ ದಡದ ಮರಳುಭೂಮಿ ಕಿರಿಯರ ಪಾಲಿಗೆ ಬರುತ್ತಿತ್ತು ಎಂದು ಅಲ್ಲಿ ಈಗಲೂ ಹೇಳುತ್ತಾರೆ. ಎರಡು ತಲೆಮಾರಿನೊಳಗೆ ಈ ಲೆಕ್ಕ ತಲೆಕೆಳಗಾಯಿತು.

ಅದನ್ನು ತಲೆಕೆಳಗು ಮಾಡಿದ್ದು ವಿಮಾನ ಮತ್ತು ಮುಂಗಡ ಹಣ. 1959ರಲ್ಲಿ ಸರ್ವಾಧಿಕಾರಿ ಫ್ರಾಂಕೋನ ಆಡಳಿತ ಸ್ಪೇನಿನ ಮುಚ್ಚಿದ ಆರ್ಥಿಕತೆಯ ಬಾಗಿಲು ತೆರೆಯಿತು. 1960ರಲ್ಲಿ ಪಾಲ್ಮಾದ ಸೊನ್ ಸಾಂತ್ ಜೊವಾನ್ ವಿಮಾನ ನಿಲ್ದಾಣ ನಾಗರಿಕ ಸಂಚಾರಕ್ಕೆ ಸಿದ್ಧವಾಯಿತು. ಬ್ರಿಟನ್ ಮತ್ತು ಜರ್ಮನಿಯ ಪ್ರವಾಸ ಕಂಪನಿಗಳು ಸ್ಥಳೀಯ ಹೋಟೆಲ್ ಮಾಲೀಕರಿಗೆ ಕಟ್ಟಡ ಕಟ್ಟಲು ಮುಂಗಡ ಕೊಟ್ಟವು. ಪ್ರತಿಯಾಗಿ ಮುಂದಿನ ಹಲವು ವರ್ಷಗಳ ಕೊಠಡಿಗಳನ್ನು ತಾವು ಹೇಳಿದ ಅಗ್ಗದ ದರಕ್ಕೆ ಬರೆಸಿಕೊಂಡವು. ವಿಮಾನ, ಬಸ್ಸು, ಕೊಠಡಿ, ಊಟ ಎಲ್ಲ ಸೇರಿ ಒಂದೇ ಬೆಲೆಗೆ ಸಿಗುವ ‘ಪ್ಯಾಕೇಜ್’ ರಜೆ ಹೀಗೆ ಬೇರೂರಿತು. ಈ ಒಪ್ಪಂದದ ಒಳಗುಟ್ಟು ಸರಳ: ದರ ಕಡಿಮೆಯಾದ್ದರಿಂದ ಲಾಭ ಬರಬೇಕಾದರೆ ಕೊಠಡಿಗಳ ಸಂಖ್ಯೆ ಹೆಚ್ಚಬೇಕು, ಕೊಠಡಿ ಹೆಚ್ಚಿದರೆ ಅದನ್ನು ತುಂಬಿಸಲು ದರ ಮತ್ತೆ ಇಳಿಯಬೇಕು. ಮಗಲುಫ್‌ನಿಂದ ಎಸ್ ಅರೆನಾಲ್ ತನಕ ದಡದುದ್ದಕ್ಕೂ ಕಾಂಕ್ರೀಟು ಎದ್ದ ರೀತಿಯನ್ನು ನೋಡಿ ಯುರೋಪಿನ ನಗರಯೋಜಕರು ಇಂಥ ಲಂಗುಲಗಾಮಿಲ್ಲದ ಕಟ್ಟಡ ನಿರ್ಮಾಣಕ್ಕೆ ‘ಬಲೆಯಾರೀಕರಣ’ ಎಂಬ ಪದವನ್ನೇ ಹುಟ್ಟಿಸಿದರು. ಮೆಲಿಯಾ, ರಿಯು, ಬಾರ್ಸೆಲೊ, ಇಬೆರೊಸ್ಟಾರ್ ಎಂಬ ಇಂದಿನ ನಾಲ್ಕು ಜಾಗತಿಕ ಹೋಟೆಲ್ ಸಮೂಹಗಳ ಮೂಲನೆಲೆ ಈ ಒಂದೇ ದ್ವೀಪ. ಇಲ್ಲಿ ಕಲಿತ ವಿದ್ಯೆಯನ್ನು ಅವು ಮುಂದೆ ಕೆರಿಬಿಯನ್ ಸಮುದ್ರದ ತೀರಗಳಿಗೂ ಒಯ್ದವು. ದ್ವೀಪದ ಬಡತನವನ್ನು ಕಳೆದದ್ದು ಇದೇ ವಿದ್ಯೆ ಎಂಬುದನ್ನು ಮರೆಯಬಾರದು. ಅದಕ್ಕೂ ಮುನ್ನ ಮಯೋರ್ಕಾದ ಜನ ಹೊಟ್ಟೆಪಾಡಿಗಾಗಿ ಕ್ಯೂಬಾ, ಅರ್ಜೆಂಟಿನಾಗಳಿಗೆ ಗುಳೆ ಹೋಗುತ್ತಿದ್ದರು.

ಇಂದು ಪ್ರಾಂತ್ಯದ ಒಟ್ಟು ಆದಾಯದಲ್ಲಿ ಪ್ರವಾಸೋದ್ಯಮದ ಪಾಲು ಸುಮಾರು ಶೇ 45 ಎಂದು ಅಂದಾಜಿಸುತ್ತಾರೆ. 2019ರಲ್ಲಿ ನಾಲ್ಕೂ ದ್ವೀಪಗಳಿಗೆ ಬಂದವರು ಸುಮಾರು 1.65 ಕೋಟಿ, 2023ರಲ್ಲಿ 1.78 ಕೋಟಿ, 2024ರಲ್ಲಿ 1.87 ಕೋಟಿ. ಅಲ್ಲಿನ ಜನಸಂಖ್ಯೆ ಸುಮಾರು 12 ಲಕ್ಷ. ಆಗಸ್ಟ್ ತಿಂಗಳ ದಿನಗಳಲ್ಲಿ ದ್ವೀಪಗಳ ಮೇಲಿರುವ ತಲೆಗಳ ಎಣಿಕೆ 20 ಲಕ್ಷ ದಾಟುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಮಾತು ನಮಗೆಲ್ಲ ಗೊತ್ತು. ಮಯೋರ್ಕಾದಲ್ಲಿ ಆರು ದಶಕ ನಡೆದದ್ದು ಇದಕ್ಕೆ ವಿರುದ್ಧ: ಕಾಲು ಚಾಚಿದಷ್ಟೂ ಹಾಸಿಗೆಯನ್ನು ಉದ್ದ ಮಾಡುತ್ತಾ ಹೋದರು. ಹಾಗೆ ಮಾಡಿದ್ದರಿಂದ ಸಂಪತ್ತಾದರೂ ಅದೇ ಪ್ರಮಾಣದಲ್ಲಿ ಬೆಳೆಯಿತೇ ಎಂದು ನೋಡಿದರೆ, 1990ರ ದಶಕದಲ್ಲಿ ಸ್ಪೇನಿನ ಅತಿ ಶ್ರೀಮಂತ ಪ್ರಾಂತ್ಯಗಳ ಸಾಲಿನಲ್ಲಿದ್ದ ಬಲೆಯಾರಿಕ್, ತಲಾ ಆದಾಯದಲ್ಲಿ ಈಗ ದೇಶದ ಸರಾಸರಿಯ ಹತ್ತಿರಕ್ಕೆ ಇಳಿದಿದೆ. ಬರುವವರು ಹೆಚ್ಚಿದಂತೆ ಅವರ ಸೇವೆಗೆ ಹೊರಗಿನಿಂದ ಬರುವ ಕೆಲಸಗಾರರೂ ಹೆಚ್ಚಿದರು. ಆರು ತಿಂಗಳು ದುಡಿದು ಆರು ತಿಂಗಳು ಕಾಯುವ ಉದ್ಯೋಗಗಳೇ ಬೆಳೆದವು. ಬೇಸಿಗೆಯ ಕೂಲಿಯ ಆಸೆಗೆ ಹುಡುಗರು ಓದು ಬಿಡುವ ಪ್ರಮಾಣ ಬಹುಕಾಲ ಇಡೀ ಸ್ಪೇನಿನಲ್ಲಿ ಅತಿ ಹೆಚ್ಚಿನದ್ದಾಗಿತ್ತು.

ಹಾಗಿದ್ದರೆ ಸರ್ಕಾರ ಮಿತಿ ಹಾಕಬಾರದೇ ಎಂಬ ಪ್ರಶ್ನೆ ಸಹಜ. ಇಲ್ಲಿಯೇ ಸಮಸ್ಯೆಯ ಗಂಟಿದೆ. ದ್ವೀಪಕ್ಕೆ ಜನ ಬರುವ ಬಾಗಿಲುಗಳು ಹಲವು. ಅವುಗಳ ಕೀಲಿಕೈಗಳು ಹಲವರ ಬಳಿ ಇವೆ. ದೊಡ್ಡ ಬಾಗಿಲು ವಿಮಾನ ನಿಲ್ದಾಣ. 2024ರಲ್ಲಿ ಪಾಲ್ಮಾ ನಿಲ್ದಾಣದಲ್ಲಿ ಬಂದು ಹೋದವರು 3.3 ಕೋಟಿಗೂ ಹೆಚ್ಚು ಪ್ರಯಾಣಿಕರು. ಅದನ್ನು ನಡೆಸುವುದು ಬಹುಪಾಲು ಷೇರುಗಳನ್ನು ಸ್ಪೇನ್ ಸರ್ಕಾರವೇ ಹೊಂದಿರುವ ಆಯೆನಾ ಕಂಪನಿ. ಯಾವ ವಿಮಾನ ಇಳಿಯಬೇಕು, ಎಷ್ಟು ಇಳಿಯಬೇಕು ಎಂಬ ವಿಷಯದಲ್ಲಿ ದ್ವೀಪದ ಸರ್ಕಾರಕ್ಕೆ ಮನವಿ ಸಲ್ಲಿಸುವುದನ್ನು ಬಿಟ್ಟು ಹೆಚ್ಚಿನ ಅಧಿಕಾರವಿಲ್ಲ. ಎರಡನೆಯ ಬಾಗಿಲಾದ ಬಂದರು ಕೂಡ ಕೇಂದ್ರದ ವ್ಯವಸ್ಥೆಗೆ ಸೇರಿದ್ದು. ಹಾಗಾಗಿ 2022ರಲ್ಲಿ ಪಾಲ್ಮಾದಲ್ಲಿ ದಿನಕ್ಕೆ ಮೂರಕ್ಕಿಂತ ಹೆಚ್ಚು ಕ್ರೂಸ್ ಹಡಗು ಬರಬಾರದು, ಅವುಗಳಲ್ಲಿ 5,000ಕ್ಕಿಂತ ಹೆಚ್ಚು ಪ್ರಯಾಣಿಕರ ದೈತ್ಯ ಹಡಗು ಒಂದೇ ಇರಬೇಕು ಎಂಬ ನಿಯಮವನ್ನು ಹಡಗು ಕಂಪನಿಗಳ ಜೊತೆ ಒಪ್ಪಂದದ ಮೂಲಕ ತರಬೇಕಾಯಿತು. ಮೂರನೆಯ ಬಾಗಿಲು ಮನೆ ಖರೀದಿ. ಬಲೆಯಾರಿಕ್ ದ್ವೀಪಗಳಲ್ಲಿ ಮಾರಾಟವಾಗುವ ಮನೆಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದನ್ನು ವಿದೇಶಿಯರು ಕೊಳ್ಳುತ್ತಾರೆ. ಆದರೆ ಐರೋಪ್ಯ ಒಕ್ಕೂಟದೊಳಗೆ ಬಂಡವಾಳದ ಮುಕ್ತ ಚಲನೆಯೇ ಮೂಲ ನಿಯಮವಾದ್ದರಿಂದ, ಹೊರಗಿನವರು ಕೊಳ್ಳಬಾರದು ಎಂದು ದ್ವೀಪ ತನ್ನಷ್ಟಕ್ಕೆ ತಾನು ಕಾನೂನು ಮಾಡಲು ಬರುವುದಿಲ್ಲ.

ಹೀಗೆ ಒಂದೊಂದೇ ಬಾಗಿಲನ್ನು ದಾಟಿ ಬಂದರೆ ದ್ವೀಪದ ಸರ್ಕಾರದ ಕೈಯಲ್ಲಿ ನಿಜವಾಗಿ ಉಳಿಯುವ ಕೀಲಿ ಒಂದೇ: ಹಾಸಿಗೆ. ಆದ್ದರಿಂದಲೇ ಪ್ಲಾಸಾದ ಮೇಲೆ ಮೇಲ್ಮಿತಿ, ಪ್ಲಾಸಾದ ಮೇಲೆ ತೆರಿಗೆ, ಪ್ಲಾಸಾ ಎಲ್ಲಿರಬೇಕೆಂಬ ನಿಯಮ. 2002ರಲ್ಲಿ ಮೊದಲ ಬಾರಿಗೆ ತಂದ ಪರಿಸರ ತೆರಿಗೆಯನ್ನು ಮರುವರ್ಷವೇ ಹೊಸ ಸರ್ಕಾರ ರದ್ದು ಮಾಡಿತು. 2016ರಲ್ಲಿ ಅದು ಮತ್ತೆ ಬಂತು. 2018ರಲ್ಲಿ ದುಪ್ಪಟ್ಟಾಗಿ, ಬೇಸಿಗೆಯ ದಿನಗಳಲ್ಲಿ ದುಬಾರಿ ಹೋಟೆಲುಗಳಲ್ಲಿ ತಲೆಗೆ ರಾತ್ರಿಗೆ 4 ಯೂರೊ ಆಯಿತು. ಅದೇ 2018ರಲ್ಲಿ ಪಾಲ್ಮಾ ನಗರ ವಸತಿ ಸಮುಚ್ಚಯಗಳ ಫ್ಲ್ಯಾಟುಗಳನ್ನು ಪ್ರವಾಸಿಗರಿಗೆ ಬಾಡಿಗೆ ಕೊಡುವುದನ್ನು ನಿಷೇಧಿಸಿತು. ಸ್ಪೇನಿನಲ್ಲಿ ಹಾಗೆ ಮಾಡಿದ ಮೊದಲ ನಗರ ಅದು. ಇವೆಲ್ಲ ಧೈರ್ಯದ ಹೆಜ್ಜೆಗಳೆಂದೇ ನಾನು ಭಾವಿಸುತ್ತೇನೆ. ಆದರೂ ಸಾವಿರ, ಎರಡು ಸಾವಿರ ಯೂರೊ ಖರ್ಚು ಮಾಡಿ ಬರುವ ಕುಟುಂಬವನ್ನು ನಾಲ್ಕು ಯೂರೊ ತಡೆಯುವುದಿಲ್ಲ. ಪರವಾನಗಿ ಇಲ್ಲದ ಹಾಸಿಗೆ ಲೆಕ್ಕಕ್ಕೇ ಸಿಗುವುದಿಲ್ಲ. ಹಡಗಿನಿಂದಿಳಿದು ಸಂಜೆಯೊಳಗೆ ಹಿಂತಿರುಗುವವನಿಗೆ ದ್ವೀಪದಲ್ಲಿ ಹಾಸಿಗೆಯೇ ಬೇಕಿಲ್ಲ. ಅಳತೆಗೋಲು ಒಂದೇ ಇದ್ದಾಗ ಅದಕ್ಕೆ ಸಿಗದ ಭಾರವೆಲ್ಲ ಬೇರೆ ಎಲ್ಲಿಯೋ ಬೀಳುತ್ತದೆ.

ಅದು ಎಲ್ಲಿ ಬೀಳುತ್ತದೆ ಎಂಬುದನ್ನು ತಿಳಿಯಲು ಮರಳಿನಿಂದಲೇ ಆರಂಭಿಸಬಹುದು. ಮಯೋರ್ಕಾದ ಬೆಳ್ಳನೆಯ ಮರಳನ್ನು ಯಾವ ನದಿಯೂ ಹೊತ್ತು ತಂದಿಲ್ಲ. ವರ್ಷವಿಡೀ ಹರಿಯುವ ನದಿ ಅಲ್ಲಿ ಇಲ್ಲವೇ ಇಲ್ಲ. ಆ ಮರಳಿನ ಬಹುಭಾಗ ಸಮುದ್ರದೊಳಗೆ ಹುಟ್ಟಿದ್ದು. ದಡದಿಂದಾಚೆ ತಿಳಿನೀರಿನ ತಳದಲ್ಲಿ, 35–40 ಮೀಟರ್ ಆಳದವರೆಗೂ ಪೊಸಿಡೋನಿಯಾ ಎಂಬ ಕಡಲಹುಲ್ಲು ಗದ್ದೆಯಂತೆ ಹರಡಿದೆ. ನೋಡಿದವರು ಪಾಚಿಯೆಂದು ತಿಳಿಯುವ ಇದು ಬೇರು, ಕಾಂಡ, ಹೂವು, ಹಣ್ಣು ಎಲ್ಲ ಇರುವ ನಿಜವಾದ ಸಸ್ಯ. ಅದರ ಪಟ್ಟಿಯಂಥ ಎಲೆಗಳ ಮೇಲೆ ಸುಣ್ಣದ ಚಿಪ್ಪು ಕಟ್ಟಿಕೊಂಡು ಬದುಕುವ ಅತಿಸಣ್ಣ ಜೀವಿಗಳು ಸತ್ತಾಗ ಆ ಚಿಪ್ಪುಗಳು ಒಡೆದು, ಅಲೆಗೆ ಸವೆದು ದಡಕ್ಕೆ ಬರುತ್ತವೆ. ಪ್ರವಾಸಿ ಟವೆಲು ಹಾಸುವುದು ಅವುಗಳ ಮೇಲೆ. ನೀರಿಗೆ ಆ ಹಸಿರು ಮಿಶ್ರಿತ ನೀಲಿ ತಿಳಿ ಬರುವುದು ಕೂಡ ಹುಲ್ಲು ಕೆಸರನ್ನು ಹಿಡಿದಿಟ್ಟುಕೊಳ್ಳುವುದರಿಂದ.

ಶರತ್ಕಾಲದಲ್ಲಿ ಈ ಹುಲ್ಲು ಎಲೆ ಉದುರಿಸುತ್ತದೆ. ಬಿರುಗಾಳಿ ಆ ಕಂದು ಎಲೆಗಳನ್ನು ದಡಕ್ಕೆ ತಂದು ಪದರ ಪದರವಾಗಿ ಒಟ್ಟುತ್ತದೆ. ಕೆಲವೆಡೆ ಆಳೆತ್ತರಕ್ಕೆ ಏರುವ ಆ ದಿಬ್ಬವೇ ಚಳಿಗಾಲದ ಅಲೆಗಳಿಂದ ಮರಳನ್ನು ಕಾಯುವ ಗೋಡೆ. ಹಿಂದೆ ರೈತರು ಇದನ್ನು ಹೊತ್ತೊಯ್ದು ದನದ ಕೊಟ್ಟಿಗೆಗೆ ಹಾಸುತ್ತಿದ್ದರು. ಇಬಿಜಾ, ಫೋರ್ಮೆಂತೆರಾಗಳಲ್ಲಿ ಮಣ್ಣಿನ ಚಾವಣಿಯೊಳಗೆ ಇದನ್ನೇ ಪದರವಾಗಿ ಹರಡುತ್ತಿದ್ದರು. ಈಗ ರಜೆಗೆ ಬಂದವರಿಗೆ ಅದು ವಾಸನೆಯ ಕಸವಾಗಿ ಕಾಣುತ್ತದೆ. ಋತು ಆರಂಭವಾಗುವ ಮುನ್ನ ಯಂತ್ರಗಳು ಬಂದು ಅದನ್ನು ಬಳಿದು ಸಾಗಿಸುತ್ತವೆ, ಎಲೆಯ ಜೊತೆ ಮರಳೂ ಹೋಗುತ್ತದೆ. ಪಡುಬಿದ್ರಿ ಮತ್ತು ಹೊನ್ನಾವರದ ಕಾಸರಕೋಡು ಕಡಲತೀರಗಳಿಗೆ 2020ರಲ್ಲಿ ದೊರೆತ, ಸ್ವಚ್ಛ ತೀರಗಳಿಗೆ ಕೊಡುವ ಬ್ಲೂ ಫ್ಲ್ಯಾಗ್ ಎಂಬ ಅಂತರರಾಷ್ಟ್ರೀಯ ಮಾನ್ಯತೆಯ ನಿಯಮಗಳಲ್ಲಿ ಕೂಡ, ತೀರಕ್ಕೆ ಬಂದ ಸಸ್ಯಗಳನ್ನು ಉಪದ್ರವವಾಗದ ಹೊರತು ಅಲ್ಲಿಯೇ ಬಿಡಬೇಕೆಂಬ ಮಾತಿದೆ. ಸ್ವಚ್ಛ ತೀರವೆಂದರೆ ಬೋಳು ತೀರ ಎಂದು ತಿಳಿಯುವುದು ನಮ್ಮಲ್ಲೂ ಇರುವ ಅಭ್ಯಾಸವಾದ್ದರಿಂದ ಇದನ್ನು ನೆನಪಿಸಿದೆ.

ಬೇಸಿಗೆಯಲ್ಲಿ ವಿಹಾರದೋಣಿಗಳು ಲಂಗರು ಇಳಿಸಿದಾಗ ಅದು ಹುಲ್ಲಿನ ತಳವನ್ನು ನೇಗಿಲಿನಂತೆ ಉಳುತ್ತದೆ. ವರ್ಷಕ್ಕೆ ಒಂದೆರಡು ಸೆಂಟಿಮೀಟರ್ ಹರಡುವ ಸಸ್ಯಕ್ಕೆ ಅಂಥ ಒಂದು ಗಾಯ ತುಂಬಲು ಮನುಷ್ಯನ ಆಯುಷ್ಯ ಸಾಲದು. ಇಬಿಜಾ ಮತ್ತು ಫೋರ್ಮೆಂತೆರಾಗಳ ನಡುವೆ 2006ರಲ್ಲಿ ಗುರುತಿಸಲಾದ ಒಂದೇ ಗಿಡ ಸುಮಾರು 8 ಕಿಲೋಮೀಟರ್ ಹಬ್ಬಿದೆ. ಅಷ್ಟು ಹಬ್ಬಲು ಅದು ಸಾವಿರಾರು ವರ್ಷ ಬದುಕಿರಬೇಕು. 2018ರಲ್ಲಿ ಬಲೆಯಾರಿಕ್ ಸರ್ಕಾರ ಪೊಸಿಡೋನಿಯಾದ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿ ಕಾವಲು ದೋಣಿಗಳನ್ನು ನೇಮಿಸಿತು. ಆದರೆ ಕಾವಲಿಗೆ ಸಿಗದ ಇನ್ನೊಂದು ಶತ್ರುವಿದೆ. 2024ರ ಆಗಸ್ಟ್‌ನಲ್ಲಿ ಮಯೋರ್ಕಾದ ಪಶ್ಚಿಮ ತುದಿಯ ದ್ರಗೊನೇರಾ ಬಳಿಯ ಮಾಪಕದಲ್ಲಿ ಸಮುದ್ರದ ಮೇಲ್ನೀರಿನ ಉಷ್ಣಾಂಶ 32 ಡಿಗ್ರಿಯ ಸಮೀಪಕ್ಕೆ ಬಂದಿತ್ತು. 28 ಡಿಗ್ರಿ ದಾಟಿದರೆ ಈ ಹುಲ್ಲು ಬಳಲತೊಡಗುತ್ತದೆ. ಹಾಸಿಗೆಗಳ ಯಾವ ಪಟ್ಟಿಯಲ್ಲೂ ಈ ಹುಲ್ಲಿನ ಹೆಸರಿಲ್ಲ.

ನೀರಿನ ವಿಷಯವನ್ನು ಚುಟುಕಾಗಿ ಹೇಳಬಹುದು. 1995ರಿಂದ 1997ರವರೆಗೆ ಬರ ಬಂದಾಗ ಪಾಲ್ಮಾದ ಕುಡಿಯುವ ನೀರನ್ನು ಸ್ಪೇನಿನ ಮುಖ್ಯಭೂಮಿಯಿಂದ ಹಡಗಿನಲ್ಲಿ ತಂದರು. ಆ ಬಳಿಕ ಸಮುದ್ರದ ನೀರಿನ ಉಪ್ಪು ತೆಗೆಯುವ ಘಟಕಗಳು ಬಂದವು, ಕೊರತೆ ಕಣ್ಣಿಗೆ ಕಾಣದಾಯಿತು. ಹೆಚ್ಚು ನೀರು ಬೇಕಾಗುವುದು ಮಳೆಯೇ ಅಪರೂಪವಾದ ಜುಲೈ, ಆಗಸ್ಟ್ ತಿಂಗಳಲ್ಲೇ.

ಮನೆಯ ಕಷ್ಟ ಹಾಗೆ ಮರೆಯಾಗುವಂಥದ್ದಲ್ಲ. ಒಂದು ಫ್ಲ್ಯಾಟನ್ನು ವರ್ಷವಿಡೀ ಒಂದು ಕುಟುಂಬಕ್ಕೆ ಕೊಟ್ಟರೆ ಬರುವ ಬಾಡಿಗೆಯನ್ನು ಬೇಸಿಗೆಯ ಕೆಲವೇ ವಾರಗಳಲ್ಲಿ ಪ್ರವಾಸಿಗರಿಂದ ಪಡೆಯಬಹುದಾದಾಗ ಮಾಲೀಕನ ಮನಸ್ಸು ಯಾವ ಕಡೆ ವಾಲುತ್ತದೆ ಎಂದು ಊಹಿಸಲು ಅರ್ಥಶಾಸ್ತ್ರ ಓದಬೇಕಿಲ್ಲ. ಇಬಿಜಾದಲ್ಲಿ ವರ್ಗಾವಣೆಯಾಗಿ ಬಂದ ಶಿಕ್ಷಕರು, ದಾದಿಯರು, ಪೊಲೀಸರು ಮನೆ ಸಿಗದೆ ಹಿಂತಿರುಗುವುದು ಸಾಮಾನ್ಯ ಸುದ್ದಿಯಾಗಿದೆ. ಹೋಟೆಲಿನಲ್ಲಿ ದುಡಿಯುವವರು ವ್ಯಾನಿನಲ್ಲಿ, ಡೇರೆಯಲ್ಲಿ ಮಲಗುತ್ತಾರೆ. 2024ರ ಜುಲೈನಲ್ಲಿ ಇಬಿಜಾದ ಕಾನ್ ರೋವಾ ಎಂಬಲ್ಲಿ ಅಂಥ ನೂರಾರು ಜನರ ಬಿಡಾರವನ್ನು ತೆರವು ಮಾಡಲಾಯಿತು. ಪಾಲ್ಮಾದ ಅಂಚಿನಲ್ಲಿ ಕ್ಯಾರವಾನ್‌ಗಳ ಸಾಲುಗಳಿವೆ. 2024ರ ಮೇ 25ರಂದು ನಡೆದ ಮೊದಲ ದೊಡ್ಡ ಮೆರವಣಿಗೆಯ ಘೋಷಣೆ ‘ಮಯೋರ್ಕಾ ಮಾರಾಟಕ್ಕಿಲ್ಲ’ ಎಂದಿತ್ತು. ಅದನ್ನು ಕರೆದವರು ರಾಜಕೀಯ ಪಕ್ಷದವರಲ್ಲ, ಸೆನ್ಸೆಯೆಸ್ ಎಂಬ ಒಳನಾಡಿನ ಪುಟ್ಟ ಹಳ್ಳಿಯ ಒಂದು ನೆರೆಹೊರೆ ಸಂಘ. ಕಡಲು ಕಾಣದ ಹಳ್ಳಿಗೂ ಕಡಲತೀರದ ಬಾಡಿಗೆ ತಲುಪಿದೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಈ ಸಿಟ್ಟು ನಿನ್ನೆ ಮೊನ್ನೆಯದೂ ಅಲ್ಲ. 1977ರಲ್ಲಿ, ಫ್ರಾಂಕೋ ಸತ್ತು ಎರಡು ವರ್ಷವೂ ತುಂಬದಿದ್ದಾಗ, ದ್ರಗೊನೇರಾ ಎಂಬ ನಿರ್ಜನ ದ್ವೀಪವನ್ನು ಬಡಾವಣೆ ಮಾಡುವ ಯೋಜನೆಯನ್ನು ವಿರೋಧಿಸಿ ಯುವಕರ ಗುಂಪೊಂದು ಅಲ್ಲಿಗೆ ಹೋಗಿ ಬೀಡುಬಿಟ್ಟಿತು. ಹತ್ತು ವರ್ಷಗಳ ಹೋರಾಟದ ಬಳಿಕ ಮಯೋರ್ಕಾದ ದ್ವೀಪ ಪರಿಷತ್ತು ಅದನ್ನು ಕೊಂಡುಕೊಂಡಿತು. 1995ರಲ್ಲಿ ಅದು ರಕ್ಷಿತ ಪ್ರಕೃತಿಧಾಮವಾಯಿತು. ಹೋಟೆಲು ಏಳಬೇಕಿದ್ದ ಎಸ್ ತ್ರೆಂಕ್ ಎಂಬ ಉದ್ದನೆಯ ಮರಳತೀರ ಕೂಡ 1973ರಲ್ಲಿ ಸ್ಥಾಪನೆಯಾದ ಗೋಬ್ ಎಂಬ ಪರಿಸರ ಸಂಘಟನೆ ಮತ್ತು ಸ್ಥಳೀಯರ ಪಟ್ಟಿನಿಂದಾಗಿ ಉಳಿದು, 2017ರಲ್ಲಿ ಪ್ರಕೃತಿಧಾಮವೆನಿಸಿತು. ಇಂದು ಪ್ರವಾಸಿ ಕರಪತ್ರಗಳಲ್ಲಿ ‘ಅಸ್ಪೃಷ್ಟ ತೀರ’ವೆಂದು ಹೊಗಳಿಸಿಕೊಳ್ಳುವ ಜಾಗಗಳು ಉಳಿದದ್ದು ಅಂದು ಅಡ್ಡ ನಿಂತವರಿಂದ.

2023ರ ಆಗಸ್ಟ್‌ನಲ್ಲಿ ಮಯೋರ್ಕಾದ ಮನಕೋರ್ ಪಟ್ಟಣದ ಸುತ್ತಲಿನ ಸಣ್ಣ ಕೊಲ್ಲಿಗಳಲ್ಲಿ ಕೆಲವು ಫಲಕಗಳು ಕಾಣಿಸಿಕೊಂಡವು. ‘ಎಚ್ಚರಿಕೆ, ಅಪಾಯಕಾರಿ ಲೋಳೆಮೀನು’, ‘ಬಂಡೆ ಉರುಳುವ ಅಪಾಯ’ ಎಂದು ಅವುಗಳಲ್ಲಿ ದೊಡ್ಡದಾಗಿ ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಸಣ್ಣ ಅಕ್ಷರಗಳಲ್ಲಿ, ದ್ವೀಪದ ಮಾತಾದ ಕತಲಾನ್‌ನಲ್ಲಿ, ಅಪಾಯವಿರುವುದು ಬಂಡೆಯಿಂದಲ್ಲ, ಜನದಟ್ಟಣೆಯಿಂದ ಎಂದು ಬರೆದು ಬಿಟ್ಟಿದ್ದರು. ಇದನ್ನು ಕಿಡಿಗೇಡಿತನವೆಂದು ತಳ್ಳಿಹಾಕಿದವರಿದ್ದಾರೆ. ನನಗೆ ಅದರಲ್ಲಿ ಕಾಣುವುದು, ತಮ್ಮೂರಿನ ದಡದಲ್ಲಿ ತಮ್ಮ ಭಾಷೆ ಇನ್ನು ಗುಟ್ಟು ಹೇಳಲು ಮಾತ್ರ ಉಪಯೋಗಕ್ಕೆ ಬರುತ್ತದೆ ಎಂದು ಅರಿತವರ ನೋವು. ಮರುವರ್ಷ ಜೂನ್‌ನಲ್ಲಿ ಸಾಂತಾನಿ ಬಳಿಯ ಕಾಲೊ ದೆಸ್ ಮೋರೊ ಎಂಬ ಪುಟ್ಟ ಕೊಲ್ಲಿಗೆ ಸ್ಥಳೀಯರು ಬೆಳಿಗ್ಗೆಯೇ ಹೋಗಿ ಕುಳಿತರು. ಚಿತ್ರ ತೆಗೆಸಿಕೊಳ್ಳಲು ಬರುವವರ ಸಾಲಿನಿಂದಾಗಿ ತಾವು ವರ್ಷಗಳಿಂದ ಕಾಲಿಡಲಾಗದ ಆ ಮರಳಿನ ಮೇಲೆ ಒಂದು ದಿನ ಕುಳಿತು ಎದ್ದರು.

ಎದುರು ವಾದವೂ ಬಲವಾಗಿಯೇ ಇದೆ. 2020ರಲ್ಲಿ ಕೋವಿಡ್‌ನಿಂದಾಗಿ ಬಂದವರ ಸಂಖ್ಯೆ ಸುಮಾರು 30 ಲಕ್ಷಕ್ಕೆ ಕುಸಿದಾಗ ತೀರಗಳು ಖಾಲಿಯಾದವು, ನೀರು ತಿಳಿಯಾಯಿತು. ಜೊತೆಗೆ ಪಾಲ್ಮಾದಲ್ಲಿ ಉಚಿತ ಆಹಾರದ ಪೊಟ್ಟಣಕ್ಕಾಗಿ ಸಾಲುಗಳೂ ಬೆಳೆದವು. ಪ್ರವಾಸಿಗರೇ ಬೇಡ ಎಂಬ ಮಾತಿಗೆ ಅಲ್ಲಿ ಅರ್ಥವಿಲ್ಲವೆಂದು ಆ ಒಂದು ವರ್ಷ ತೋರಿಸಿಕೊಟ್ಟಿತು. ಕುಡಿದು ಗಲಾಟೆ ಮಾಡುವ ಪ್ರವಾಸವನ್ನು ತಗ್ಗಿಸಲು ಅದೇ ವರ್ಷದ ಆರಂಭದಲ್ಲಿ ತಂದ ಕಟ್ಟಳೆಗಳನ್ನು 2024ರಲ್ಲಿ ಇನ್ನಷ್ಟು ಬಿಗಿಗೊಳಿಸಿದರು. ಮಗಲುಫ್ ಮತ್ತು ಪ್ಲಾಯಾ ದೆ ಪಾಲ್ಮಾದ ಗೊತ್ತುಪಡಿಸಿದ ಬೀದಿಗಳಲ್ಲಿ ರಾತ್ರಿ ಒಂಬತ್ತೂವರೆಯ ಮೇಲೆ ಅಂಗಡಿಗಳು ಮದ್ಯ ಮಾರುವಂತಿಲ್ಲ. ಸರ್ಕಾರ, ಹೋಟೆಲು ಮಾಲೀಕರು ಇಬ್ಬರೂ ಇಷ್ಟಪಡುವ ದಾರಿ ಇದು: ಸಂಖ್ಯೆಯ ಮಾತನ್ನು ಬಿಟ್ಟು ‘ಗುಣಮಟ್ಟದ ಪ್ರವಾಸಿ’ಯ ಮಾತನಾಡುವುದು. ಆದರೆ ಹೆಚ್ಚು ಹಣವಿರುವ ಪ್ರವಾಸಿ ಖಾಸಗಿ ಈಜುಕೊಳವಿರುವ ಮನೆ ಕೇಳುತ್ತಾನೆ, ದೊಡ್ಡ ವಿಹಾರದೋಣಿ ತರುತ್ತಾನೆ, ಇಷ್ಟವಾದರೆ ಮನೆಯನ್ನೇ ಕೊಳ್ಳುತ್ತಾನೆ. ನೀರು, ಹುಲ್ಲು, ಬಾಡಿಗೆ ಈ ಮೂರರ ಮೇಲೂ ಅವನ ಭಾರ ಅಗ್ಗದ ಕೊಠಡಿಯವನಿಗಿಂತ ಕಡಿಮೆಯಲ್ಲ. ಸಂಖ್ಯೆಯನ್ನು ಮುಟ್ಟದೆ ಗುಣವನ್ನು ಮಾತ್ರ ಬದಲಿಸುವ ಯೋಜನೆಯನ್ನು ನಾನು ನಂಬಲಾರೆ.

ಹೊಸ ಪ್ಲಾಸಾಗಳಿಗೆ ಪರವಾನಗಿ ನಿಲ್ಲಿಸಿದ 2022ರ ಅದೇ ಕಾನೂನಿನಲ್ಲಿ ಹೆಚ್ಚು ಸುದ್ದಿಯಾಗದ ಒಂದು ವಿಧಿ ಇತ್ತು. ಹೋಟೆಲಿನ ಮಂಚಗಳು ಮೇಲಕ್ಕೆ ಏರಿಸಬಹುದಾದವು ಆಗಿರಬೇಕು ಎಂಬುದು ಆ ವಿಧಿ. ಸ್ಪೇನಿನಲ್ಲಿ ಕೊಠಡಿ ಸ್ವಚ್ಛಗೊಳಿಸುವ ಮಹಿಳೆಯರು ತಮ್ಮನ್ನು ತಾವು ‘ಕೆಲಿ’ಗಳೆಂದು ಕರೆದುಕೊಳ್ಳುತ್ತಾರೆ, ‘ಸ್ವಚ್ಛ ಮಾಡುವವರು’ ಎಂಬರ್ಥದ ಸ್ಪ್ಯಾನಿಷ್ ಮಾತಿನಿಂದ ಕಟ್ಟಿಕೊಂಡ ಹೆಸರದು. ಒಂದು ಪಾಳಿಯಲ್ಲಿ ಇಪ್ಪತ್ತರ ಆಸುಪಾಸು ಕೊಠಡಿ. ಒಂದೊಂದರಲ್ಲೂ ಬಗ್ಗಿ, ಭಾರದ ಗಾದಿಯ ಮೂಲೆ ಎತ್ತಿ, ಹೊದಿಕೆಯ ಅಂಚನ್ನು ಅದರಡಿಗೆ ತುರುಕಬೇಕು. ವರ್ಷಗಟ್ಟಲೆ ಹಾಗೆ ಬಗ್ಗಿದ ಬೆನ್ನು ನೆಟ್ಟಗಾಗುವುದಿಲ್ಲ ಎಂದು ಅವರು ಬಹಳ ಕಾಲದಿಂದ ಹೇಳುತ್ತಿದ್ದರು. ಹೊಸ ಮಂಚವನ್ನು ಕಾಲಿನಿಂದ ಒಂದು ಪೆಡಲು ಒತ್ತಿ ಸೊಂಟದ ಎತ್ತರಕ್ಕೆ ಏರಿಸಬಹುದು. ಕೆಲಸ ಮುಗಿದ ಮೇಲೆ ಅದು ಮೆಲ್ಲಗೆ ಇಳಿದು ಮೊದಲಿನಂತಾಗುತ್ತದೆ, ಮಧ್ಯಾಹ್ನ ಬರುವ ಅತಿಥಿಗೆ ವ್ಯತ್ಯಾಸ ತಿಳಿಯುವುದೂ ಇಲ್ಲ. ದ್ವೀಪದ ಹಾಸಿಗೆಗಳನ್ನು ಅವುಗಳನ್ನು ಹಾಸುವವರ ಕಡೆಯಿಂದ ಅಳೆದ ಅಪರೂಪದ ನಿಯಮ ಅದು. ಪಾಳಿ ಮುಗಿಸಿದ ಆಕೆ ಬಸ್ಸು ಹತ್ತಿ ಹೋಗುವ ಬಾಡಿಗೆ ಕೋಣೆಗೆ ಮಾತ್ರ ಅಂಥ ಯಾವ ವಿಧಿಯೂ ಇನ್ನೂ ಬಂದಿಲ್ಲ.